ದ್ವೀಪ ವಸೂಲಿ

ನಿಡೋಣಿಯಿಂದ ಸಮುದ್ರಕ್ಕೆ ಬಸ್ಸಿಲ್ಲ. ಬಬಲೇಶ್ವರಕ್ಕಿದೆ, ವಿಜಯಪುರಕ್ಕಿದೆ, ಮುಂದಿನದು ಅವರವರ ನಸೀಬು. ಆದರೂ ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಒಳ್ಳೆಯ ರೇಟು ಸಿಕ್ಕ ವರ್ಷ ಊರಿನ ಒಂದು ತಂಡ ಬಸ್ಸು, ರೈಲು ಬದಲಿಸುತ್ತ ಕೊಚ್ಚಿ ಮುಟ್ಟಿ, ಅಲ್ಲಿಂದ ಹಡಗು ಹತ್ತಿ ಲಕ್ಷದ್ವೀಪ ನೋಡಿ ಬಂತು. ನೋಡಿ ಬಂತು ಎಂಬುದು ನಮ್ಮ ನಿಮ್ಮಂಥವರ ಮಾತು. ತಂಡದ ಮುಖಂಡರಾದ ನಮ್ಮ ಕಾಕಾ ಹಾಗೆ ಹೇಳುವುದಿಲ್ಲ. "ಮೂರೂ ದ್ವೀಪ ವಸೂಲ್ ಮಾಡ್ಕೊಂಡು ಬಂದ್ವಿ" ಎನ್ನುತ್ತಾರೆ, ಸಾಲ ತೀರಿಸದವನ ಅಂಗಳದಿಂದ ಎಮ್ಮೆ ಹೊಡೆದುಕೊಂಡು ಬಂದವರ ಗತ್ತಿನಲ್ಲಿ.

ವಸೂಲಿಯ ಲೆಕ್ಕ ಸರಳ. ಕೊಚ್ಚಿಯಿಂದ ಎಂ.ವಿ. ಕವರತ್ತಿ ಹಡಗಿನಲ್ಲಿ ನಡೆಯುವ 'ಸಮುದ್ರಂ' ಪ್ರವಾಸ ಐದು ದಿನದ್ದು. ಕವರತ್ತಿ, ಕಲ್ಪೇನಿ, ಮಿನಿಕಾಯ್ ಎಂದು ಮೂರು ದ್ವೀಪ. ರಾತ್ರಿಯೆಲ್ಲ ಹಡಗಿನಲ್ಲೇ ಮಲಗುವುದು; ಬೆಳಗ್ಗೆ ಬೋಟಿನಲ್ಲಿ ಇಳಿಸುತ್ತಾರೆ, ಸಂಜೆಯೊಳಗೆ ಮತ್ತೆ ಹತ್ತಿಸಿಕೊಳ್ಳುತ್ತಾರೆ. ಕಾಕಾ ಕೊಟ್ಟ ರೊಕ್ಕವನ್ನು ನೆಲದ ಮೇಲೆ ಕಾಲೂರಿದ ತಾಸುಗಳಿಂದ ಭಾಗಿಸಿದರು. ಹಡಗಿನ ಮೇಲೆ ಕಳೆದ ಹೊತ್ತು ಲೆಕ್ಕಕ್ಕೆ ಸೇರಲಿಲ್ಲ. "ಮಲಗಾಕ ಮನಿ ಐತಿ, ಅದಕ್ಯಾಕ ರೊಕ್ಕ?" ಹಾಗೆ ಬಂದ ತಾಸಿನ ರೇಟನ್ನು ನಿವೃತ್ತ ಮಾಸ್ತರರ ಡೈರಿಯ ಮೊದಲ ಪುಟದಲ್ಲಿ ಬರೆಸಿ, ಕೆಳಗೆ ಎರಡು ಗೆರೆ ಎಳೆಸಿದರು. ಅಂದಿನಿಂದ ಯಾರಾದರೂ ತೆಂಗಿನ ಗಿಡದ ಕೆಳಗೆ ಸುಮ್ಮನೆ ಕೂತರೆ ಕಾಕಾ ಆ ಪುಟ ತೆಗೆದು ತೋರಿಸುತ್ತಿದ್ದರಂತೆ.

ಹೊರಡುವ ಮೊದಲಿನ ಕಥೆ ಸ್ವಲ್ಪ ಹೇಳಬೇಕು. ಲಕ್ಷದ್ವೀಪಕ್ಕೆ ಕಾಲಿಡಲು ಪ್ರವೇಶ ಪರವಾನಗಿ ಬೇಕು, ಅದಕ್ಕೆ ಪೊಲೀಸರಿಂದ ನಡತೆಯ ಪ್ರಮಾಣಪತ್ರ ಬೇಕು. ಊರಿನ ಇಷ್ಟು ಮಂದಿ ಮರ್ಯಾದಸ್ಥರು ಒಮ್ಮೆಲೇ ಠಾಣೆಗೆ ಹೋಗಿದ್ದನ್ನು ಕಂಡು ಅಗಸಿಯ ಮುಂದಿನ ಚಹಾದಂಗಡಿಯಲ್ಲಿ ಮೂರು ದಿನ ಬೇರೆ ಮಾತೇ ಇರಲಿಲ್ಲ. "ಹೊಲದ ವ್ಯಾಜ್ಯ ಇರಬೇಕ್ ನೋಡು" ಎಂದರು ಒಬ್ಬರು. "ಇಲ್ಲೋ, ಸೊಸಿ ಕಡಿಯವ್ರು ಕೇಸ್ ಹಾಕ್ಯಾರ" ಎಂದರು ಇನ್ನೊಬ್ಬರು. ಬಂಗಾರಂ ದ್ವೀಪ ಬಿಟ್ಟರೆ ಉಳಿದ ಕಡೆ ಮದ್ಯ ನಿಷೇಧವಿದೆ ಎಂದು ಮಾಸ್ತರರು ಓದಿ ಹೇಳಿದ ದಿನ ತಂಡದ ಇಬ್ಬರಿಗೆ ಏಕಕಾಲಕ್ಕೆ ಮಂಡಿನೋವು ಬಂದು ಹೆಸರು ತೆಗೆಸಿಕೊಂಡರು. ಉಳಿದವರು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಕಟ್ಟಿಕೊಂಡರು. ಹಡಗಿನಲ್ಲಿ ಊಟವಿದೆ, ದ್ವೀಪದಲ್ಲೂ ಊಟವಿದೆ ಎಂದು ಎಷ್ಟು ಹೇಳಿದರೂ ಚಿಗವ್ವ ಕೇಳಲಿಲ್ಲ. ಸಮುದ್ರದ ನಡುವೆ ಮೀನು ಬಿಟ್ಟು ಏನು ಹುಟ್ಟುತ್ತದೆ ಎಂಬುದು ಅವರ ಪ್ರಶ್ನೆ, ಮತ್ತು ಅದು ತೀರ ಅಸಂಬದ್ಧವೂ ಅಲ್ಲ.

ಬಯಲುಸೀಮೆಯವರಿಗೇಕೆ ಸಮುದ್ರದ ಉಸಾಬರಿ ಎಂದು ಕರಾವಳಿಯ ಓದುಗರು ನಗಬಾರದು. ನಮಗೂ ಒಂದು ಕಾಲಕ್ಕೆ ಸಮುದ್ರವಿತ್ತು. ಗೋವೆ ವಿಜಯಪುರದ ಆದಿಲಶಾಹಿಗಳದ್ದೇ. 1510ರ ನವೆಂಬರ್ 25ರಂದು ಪೋರ್ಚುಗೀಸರ ಅಲ್ಬುಕರ್ಕ್ ಅದನ್ನು ಕೊನೆಯದಾಗಿ ಕಿತ್ತುಕೊಂಡ. ಅದಾದ ಮೇಲೂ ಕೊಂಕಣದ ದಾಭೋಳ ನಮ್ಮ ಸುಲ್ತಾನರ ಬಂದರಾಗಿತ್ತು. ಆದರೆ ತಮ್ಮ ಹಡಗನ್ನು ತಮ್ಮ ಬಂದರಿನಿಂದ ಬಿಡಲು ಸುಲ್ತಾನರೂ ಪೋರ್ಚುಗೀಸರಿಂದ ಪರವಾನಗಿ ಚೀಟಿ ಪಡೆಯಬೇಕಿತ್ತು. ಪೊಲೀಸ್ ಪ್ರಮಾಣಪತ್ರಕ್ಕೆ ಸಾಲುಗಟ್ಟಿದ ನಮ್ಮವರು ಆ ಪರಂಪರೆಯನ್ನು ಮುಂದುವರಿಸಿದ್ದಾರೆ, ಅಷ್ಟೆ.

ಇನ್ನೊಂದು ಸಂಗತಿ. ಲಕ್ಷದ್ವೀಪದ ಉತ್ತರದ ತುದಿಯ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಟಿಪ್ಪುವಿನ ಕೈಯಿಂದ ಇಂಗ್ಲಿಷರಿಗೆ ಬಂದ ಮೇಲೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಮಂಗಳೂರಿನ ಕಲೆಕ್ಟರರೇ ಅವಕ್ಕೂ ಸಾಹೇಬರು. 1956ರ ನವೆಂಬರ್ 1ರಂದು ಅವು ಕೇಂದ್ರಾಡಳಿತಕ್ಕೆ ಹೋದವು. ಅದೇ ದಿನ ಮುಂಬಯಿ ರಾಜ್ಯದಲ್ಲಿದ್ದ ಬಿಜಾಪುರ ಜಿಲ್ಲೆ ಮೈಸೂರಿಗೆ ಬಂತು. ನಾವು ಒಳಗೆ ಬಂದೆವು, ದ್ವೀಪಗಳು ಹೊರಗೆ ಹೋದವು. ಯಾವ ರಾಜ್ಯೋತ್ಸವ ಭಾಷಣದಲ್ಲೂ ಈ ಸಾಟಿ ವ್ಯವಹಾರದ ಪ್ರಸ್ತಾಪ ಬರುವುದಿಲ್ಲ. ಬಂದಿದ್ದರೆ ಕಾಕಾ ಆ ದ್ವೀಪಗಳನ್ನೂ ಬಾಕಿಯ ಪಟ್ಟಿಗೆ ಸೇರಿಸುತ್ತಿದ್ದರು.

ಕವರತ್ತಿ ಬಂತು. ಹಡಗು ಹೊರಗೆ ಆಳದ ನೀರಿನಲ್ಲಿ ನಿಂತಿತು. ಹವಳದ ಗೋಡೆಯ ಒಳಗಿನ ತಿಳಿನೀಲಿ ನೀರು ಇಂಥ ಹಡಗಿಗೆ ಸಾಲುವುದಿಲ್ಲ. ಹಡಗಿನ ಬಾಗಿಲಿನಿಂದ ಸಣ್ಣ ಬೋಟಿಗೆ ಇಳಿಯಬೇಕು. ಬೋಟು ಮೇಲೇಳುತ್ತದೆ, ಕೆಳಗಿಳಿಯುತ್ತದೆ, ಅದು ಮೇಲೆದ್ದ ಕ್ಷಣಕ್ಕೆ ಸರಿಯಾಗಿ ಕಾಲಿಡಬೇಕು, ಕೈ ಹಿಡಿಯಲು ಅಲ್ಲಿಯ ಹುಡುಗರಿರುತ್ತಾರೆ. ಇದು ಸರದಿಯ ಕೆಲಸ. ಆದರೆ ಕಾಕಾನ ಅಳಿಯ ಮೇಲಿನಿಂದಲೇ ತನ್ನ ಟವೆಲ್ಲನ್ನು ಬೋಟಿನ ಮುಂದಿನ ಸೀಟಿಗೆ ಎಸೆದ. ವಿಜಯಪುರ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಕೈ ಅದು. ಗುರಿ ತಪ್ಪಲಿಲ್ಲ, ಆದರೆ ಅರಬ್ಬೀ ಸಮುದ್ರದ ಗಾಳಿಗೆ ನಮ್ಮ ಸಾರಿಗೆ ನಿಯಮ ತಿಳಿಯದು. ಟವೆಲ್ ಆಫ್ರಿಕಾದ ದಿಕ್ಕಿಗೆ ಹೋಯಿತು. ಅದನ್ನು ಎಳೆದುಕೊಳ್ಳಲು ಹುಡುಗರು ಕೊಕ್ಕೆ ತಂದರು, ಇಳಿಯುವ ಸಾಲು ನಿಂತಿತು, ಮಾಸ್ತರರು ಗಡಿಯಾರ ನೋಡಿಕೊಂಡು ಡೈರಿಯಲ್ಲಿ ಬರೆದರು: "ಟವೆಲ್ – ಹದಿನೈದು ನಿಮಿಷ – ಅಳಿಯಂದಿರ ಖಾತೆಗೆ."

ಮಾಸ್ತರರ ವೇಳಾಪಟ್ಟಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂವತ್ತು ವರ್ಷ ಪಿರಿಯಡ್ಡಿನ ಗಂಟೆ ಕೇಳಿದ ಕಿವಿ. ಕವರತ್ತಿಯ ಪುಟದಲ್ಲಿ ಎಳನೀರು, ಉಜ್ರಾ ಮಸೀದಿಯ ಮರದ ಕೆತ್ತನೆ, ಮೀನಿನ ಅಕ್ವೇರಿಯಂ, ಗಾಜಿನ ತಳದ ಬೋಟು, ಕಯಾಕ್, ಸ್ನಾರ್ಕೆಲ್, ಊಟ, ಸಮುದ್ರಸ್ನಾನ, ಗ್ರೂಪ್ ಫೋಟೋ, ಖರೀದಿ ಎಂದು ಸಾಲಾಗಿ ಬರೆದು, ಪ್ರತಿಯೊಂದರ ಮುಂದೆ ಒಂದು ಚೌಕ. ಕೆಲಸ ಆದೊಡನೆ ಚೌಕದಲ್ಲಿ ರೈಟ್ ಮಾರ್ಕು. ಉಜ್ರಾ ಮಸೀದಿಗೆ ರೈಟ್ ಬಿದ್ದಿದೆ, ಆದರೆ ಒಳಗಿನ ಚಾವಣಿಯ ಕೆತ್ತನೆ ಹೇಗಿತ್ತು ಎಂದು ಕೇಳಿದರೆ ಮಾಸ್ತರರು "ಛಲೋ ಇತ್ತು" ಎನ್ನುತ್ತಾರೆ. ಅಕ್ವೇರಿಯಮ್ಮಿನಲ್ಲಿ ಯಾವ ಮೀನಿತ್ತು? "ಎಲ್ಲಾ ಇದ್ವು." ಸ್ನಾರ್ಕೆಲ್ ಹೇಗಾಯಿತು? "ಆತು."

ಊಹೂಂ, ಇದು ಅರಸಿಕತೆಯಲ್ಲ. ಅವರು ನೋಡುವುದಕ್ಕೆ ಹೋದದ್ದೇ ಅಲ್ಲ, ಮುಗಿಸುವುದಕ್ಕೆ ಹೋದವರು. ಹೊತ್ತು ಕಡಿಮೆಯಿದ್ದರೆ ಕಡಿಮೆ ಕೆಲಸ ಮಾಡಬೇಕು ಎಂಬುದು ಹೊಲದಲ್ಲಿ ಎಲ್ಲರಿಗೂ ಗೊತ್ತು. ಎರಡು ತಾಸು ಕರೆಂಟು ಇದ್ದಾಗ ಯಾರೂ ಇಡೀ ತೋಟಕ್ಕೆ ನೀರು ಬಿಡುವುದಿಲ್ಲ, ಎರಡು ಪ್ಲಾಟಿಗೆ ಬಿಡುತ್ತಾರೆ. ಅದೇ ಮನುಷ್ಯ ಹಡಗು ಇಳಿದೊಡನೆ ಏಳು ತಾಸಿನಲ್ಲಿ ಹತ್ತು ಚೌಕ ತುಂಬಿಸಲು ಓಡುತ್ತಾನೆ. ನೆಲದ ಮೇಲಿನ ಬುದ್ಧಿ ನೀರು ದಾಟುವುದಿಲ್ಲವೇನೋ.

ಕರೆಂಟು ಎಂದೊಡನೆ ನೆನಪಾಯಿತು. 2024ರ ಜನವರಿ 3ರಂದು ಪ್ರಧಾನಿಯವರು ಕವರತ್ತಿಯಲ್ಲಿ ನಿಂತು ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಸಮುದ್ರದಡಿಯಲ್ಲಿ ಎಳೆದ ಇಂಟರ್ನೆಟ್ ಕೇಬಲ್ ಉದ್ಘಾಟಿಸಿದರು. 1,868 ಕಿಲೋಮೀಟರ್ ಉದ್ದದ ಕೇಬಲ್. ಆ ಪ್ರವಾಸದಲ್ಲಿ ಅವರು ಸ್ನಾರ್ಕೆಲ್ ಮಾಡಿದ ಚಿತ್ರಗಳು ಹೊರಬಿದ್ದ ಮೇಲೆಯೇ ದೇಶಕ್ಕೆಲ್ಲ ಲಕ್ಷದ್ವೀಪದ ಹುಚ್ಚು ಹಿಡಿದದ್ದು. ಚಿತ್ರ ನಿಡೋಣಿಯನ್ನೂ ಮುಟ್ಟಿತು, ಅಳಿಯನ ಮೊಬೈಲ್ ಅಂಗಡಿಯ ಮೂಲಕ. ಇರಲಿ, ಈ ಮಹಾ ಕೇಬಲ್ಲಿನಿಂದ ದ್ವೀಪದ ಮಕ್ಕಳ ಓದಿಗೆ, ಆಸ್ಪತ್ರೆಗೆ, ಬ್ಯಾಂಕಿಗೆ ಅನುಕೂಲವಾಗಿರಬೇಕು. ಕಾಕಾನಿಗೂ ಆಯಿತು. ಮಿನಿಕಾಯ್ ದೀಪಸ್ತಂಭ 1885ರದ್ದು. ಸುತ್ತುಮೆಟ್ಟಿಲು ಹತ್ತಿ ಮೇಲೆ ನಿಂತರೆ ಒಂದು ಕಡೆ ತೆಂಗಿನ ಹಸಿರು, ಇನ್ನೊಂದು ಕಡೆ ಎಷ್ಟು ಬಗೆಯ ನೀಲಿಯೆಂದು ಎಣಿಸಲಾರದ ನೀರು. ಕಾಕಾ ಏದುಸಿರು ಬಿಡುತ್ತ ಮೇಲೆ ಬಂದು, ರೇಲಿಂಗ್ ಹಿಡಿದು, ಆ ನೀರಿಗೆ ಬೆನ್ನು ಮಾಡಿ ನಿಡೋಣಿಗೆ ವಿಡಿಯೋ ಕಾಲ್ ಹಚ್ಚಿದರು.

"ತ್ರೀ ಫೇಜ್ ಬಂತೇನೋ?"

"ಇಲ್ರಿ ಸಾವಕಾರ್ರ, ಇನ್ನಾ ಬಂದಿಲ್ಲ."

"ಬಂದ ಕೂಡ್ಲೆ ಮೋಟರ್ ಚಾಲೂ ಮಾಡು. ಮೊದಲ ಕೆಳಗಿನ ಪ್ಲಾಟ್. ಫಿಲ್ಟರ್ ತೊಳದಿಯೇನ?"

"ತೊಳದೀನ್ರಿ. ನಿಮ್ಮ ಹಿಂದ ಏನ್ರೀ ಅದು, ನೀಲಿ?"

"ಏ, ಅದು ಸಮುದ್ರ. ಡ್ರಿಪ್ ಪೈಪ್ ನೋಡು ಮೊದಲ, ಎಲ್ಲೆಲ್ಲಿ ಕಟ್ಟೈತಿ."

ಹೀಗೆ ಹಿಂದೂ ಮಹಾಸಾಗರದ ಅಂಚಿನಲ್ಲಿ, ಇಂಗ್ಲಿಷರು ಕಟ್ಟಿದ ದೀಪಸ್ತಂಭದ ನೆತ್ತಿಯ ಮೇಲೆ ನಮ್ಮ ಕಾಕಾ ಡ್ರಿಪ್ ಲೈನು ಪರಿಶೀಲಿಸಿದರು. ಮಿನಿಕಾಯ್‌ ದ್ವೀಪವನ್ನು ನಿಜವಾಗಿ ನೋಡಿದವನು ಆ ಮೋಟರ್ ಚಾಲೂ ಮಾಡುವ ಆಳುಮಗ, ಐದು ಇಂಚಿನ ಪರದೆಯಲ್ಲಿ.

ಕಲ್ಪೇನಿಯಲ್ಲಿ ಇನ್ನೊಂದು ಬಗೆ. ಆ ದ್ವೀಪದ ಪೂರ್ವದ ಅಂಚಿನುದ್ದಕ್ಕೂ ಹವಳದ ಕಲ್ಲುಗುಂಡುಗಳ ದಿಬ್ಬವಿದೆ. 1847ರ ಬಿರುಗಾಳಿ ಸಮುದ್ರದ ತಳದಿಂದ ಎತ್ತಿ ತಂದು ರಾಶಿ ಹಾಕಿದ್ದು. ಆ ಗಾಳಿಗೆ ಕಲ್ಪೇನಿ, ಆಂಡ್ರೋತ್ ದ್ವೀಪಗಳಲ್ಲಿ ತೆಂಗು ನೆಲಕಚ್ಚಿ, ಮನೆಗಳು ಕೊಚ್ಚಿಹೋಗಿ, ಜನ ನೂರಾರು ಸಂಖ್ಯೆಯಲ್ಲಿ ಸತ್ತರು. ಅಳಿಯ ಅದರ ಮೇಲೆ ನಿಂತು ತೋಳು ಚಾಚಿ ರೀಲ್ಸ್ ಮಾಡಿದ. ಹಿನ್ನೆಲೆಗೆ ಹಾಡು. ಕಲ್ಲು ಯಾಕೆ ಅಲ್ಲಿ ಬಂದು ಬಿದ್ದಿವೆ ಎಂದು ಅವನು ಕೇಳಲಿಲ್ಲ, ಲೈಟಿಂಗ್ ಚೆನ್ನಾಗಿತ್ತು.

ಆದರೆ ನನ್ನ ಸಿಟ್ಟು ಅಳಿಯನ ಮೇಲಲ್ಲ, ಎಳೆಯ ಹುಡುಗ. ಸಿಟ್ಟು ಬಂದದ್ದು ಗಾಜಿನ ತಳದ ಬೋಟಿನ ಫೋಟೋ ನೋಡಿದಾಗ. ನಮ್ಮ ಕಾಕಾ ಸಾಮಾನ್ಯ ಬೆಳೆಗಾರರಲ್ಲ. ಬದುವಿನ ಮೇಲೆ ನಿಂತು ಎಲೆ ನೋಡಿ ಇದು ಡೌನಿ, ಇದು ಬೂದಿರೋಗ ಎಂದು ಹೇಳುವವರು. ಎಲೆಯ ಬಣ್ಣ ಒಂದು ಎಳೆ ಮಾಸಿದರೂ ರಾತ್ರಿ ನಿದ್ದೆ ಮಾಡದವರು. ಅವರ ಮೊಬೈಲಿನಲ್ಲಿ ಬೋಟಿನ ಗಾಜಿನ ಮೂಲಕ ತೆಗೆದ ಹವಳದ ಚಿತ್ರವಿದೆ. ಕೊಂಬೆ ಕೊಂಬೆಯೂ ಸುಣ್ಣದಂತೆ ಬಿಳುಪು. "ನೋಡೋ ತಮ್ಮಾ, ಎಷ್ಟು ಚೆಂದ ಬೆಳ್ಳಗ ಐತಿ" ಎಂದು ನನಗೆ ತೋರಿಸಿದರು. ಜೀವಂತ ಹವಳ ಹಾಗೆ ಬೆಳ್ಳಗಿರುವುದಿಲ್ಲ. ಸಮುದ್ರ ಮಿತಿಮೀರಿ ಕಾದಾಗ ಹವಳ ತನ್ನ ಮೈಯೊಳಗೆ ಸಾಕಿಕೊಂಡ ಪಾಚಿಯನ್ನು ಹೊರಹಾಕುತ್ತದೆ, ಬಣ್ಣವೂ ಹೋಗುತ್ತದೆ, ಅನ್ನವೂ ಹೋಗುತ್ತದೆ. ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಸಾಯುತ್ತದೆ. 1998, 2010, 2016, ಮತ್ತೆ 2024 – ಲಕ್ಷದ್ವೀಪದಲ್ಲಿ ಇದು ಮೇಲಿಂದ ಮೇಲೆ ಆಗಿದೆ. ನಿಡೋಣಿಯ ಅತ್ಯಂತ ಚುರುಕು ಕಣ್ಣಿನ ರೋಗಪರೀಕ್ಷಕರು ಸಮುದ್ರದ ರೋಗವನ್ನು ಸೌಂದರ್ಯವೆಂದು ಫೋಟೋ ತೆಗೆದು, ಅದನ್ನೇ ಸ್ಟೇಟಸ್ಸಿಗೆ ಹಾಕಿ, ಕೆಳಗೆ ಹೂವಿನ ಚಿತ್ರ ಅಂಟಿಸಿದ್ದರು. ಒಂದು ತಾಸು ಆ ಬೋಟಿನವನ ಪಕ್ಕ ಕೂತಿದ್ದರೆ ಅವರಿಗೇ ತಿಳಿಯುತ್ತಿತ್ತು. ಆದರೆ ಗಾಜಿನ ಬೋಟಿಗೆ ಮಾಸ್ತರರು ಕೊಟ್ಟದ್ದು ಅರ್ಧ ತಾಸು, ಅದರಲ್ಲಿ ಟವೆಲ್ಲಿನ ಹದಿನೈದು ನಿಮಿಷ ಮುರಿದುಕೊಂಡಿದ್ದರು.

ನೀರಿನ ಮಾತೂ ಒಂದಿದೆ. ಹವಳದ ದ್ವೀಪದಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ. ಮಳೆಯ ನೀರು ಮರಳಿನಲ್ಲಿ ಇಳಿದು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತದೆ, ಬಾವಿಗೆ ಬರುವುದು ಅದೇ. ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಹಾಗಾಗಿ 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನೇ ಸಿಹಿಯಾಗಿಸುವ ಘಟಕ ಹಾಕಿದರು, ದಿನಕ್ಕೆ ಒಂದು ಲಕ್ಷ ಲೀಟರಿನದು. ಮೇಲಿನ ಬಿಸಿನೀರು, ಆಳದ ತಣ್ಣೀರು, ಇವೆರಡರ ವ್ಯತ್ಯಾಸದಿಂದಲೇ ಆವಿ ಮಾಡಿ ತಣಿಸಿ ಕುಡಿಯುವ ನೀರು ತೆಗೆಯುತ್ತಾರೆ. ಐದು ನದಿಗಳ ಜಿಲ್ಲೆ ಎಂದು ಭಾಷಣದಲ್ಲಿ ಹೇಳಿಸಿಕೊಂಡು ಬೇಸಿಗೆಯಲ್ಲಿ ಟ್ಯಾಂಕರಿನ ಹಿಂದೆ ಓಡಿ ಬೆಳೆದ ನಮ್ಮ ಮಂದಿಗೆ ಇದಕ್ಕಿಂತ ದೊಡ್ಡ ಪುಣ್ಯಕ್ಷೇತ್ರ ಇರಲಾರದು. ಆ ಘಟಕ ಪಟ್ಟಿಯಲ್ಲಿರಲಿಲ್ಲ. ಪಟ್ಟಿಯಲ್ಲಿದ್ದ ಸಮುದ್ರಸ್ನಾನ ಮುಗಿಸಿ ಎಲ್ಲರೂ ಮೈಯ ಮರಳು ತೊಳೆಯಲು ಸಿಹಿನೀರಿನ ಶವರಿನ ಕೆಳಗೆ ನಿಂತರು, ಸರದಿಯ ಮೇಲೆ ಸರದಿ. "ಏನ್ ಪ್ರೆಶರ್ ಐತಿ ಮಾರಾಯಾ!" ಮೂರು ದಿನಕ್ಕೊಮ್ಮೆ ನಲ್ಲಿ ಬಂದರೆ ಕೊಡ ಎಣಿಸುವ ಚಿಗವ್ವ ಕೂಡ ಅಂದು ಎಣಿಸಲಿಲ್ಲ. ಪುಕ್ಕಟೆ ನೀರು, ಮತ್ತೊಬ್ಬರ ಊರಿನದು.

ಈ ತಂಡದಲ್ಲಿ ಒಬ್ಬರೇ ಒಬ್ಬರು ದಂಡದ ಗಿರಾಕಿ. ಮಣೂಕದ ಶೆಡ್ಡಿನ ಮಾಮಾ. ಅವರ ಬಗ್ಗೆ ಊರಿಗೆ ಬಂದ ಮೇಲೂ ಕಾಕಾನ ಅಸಮಾಧಾನ ತಣಿದಿಲ್ಲ. ಮಿನಿಕಾಯ್‌ನಲ್ಲಿ ಇಳಿದು ಸಾಲಾಗಿ ಹೊರಟಾಗ ಮಾಮಾ ಒಂದು ಮನೆಯ ಅಂಗಳದ ಮುಂದೆ ನಿಂತುಬಿಟ್ಟರು. ಅಲ್ಲಿ ಚೂರಾ, ಅಂದರೆ ಟ್ಯೂನಾ ಮೀನನ್ನು ಒಣಗಲು ಹಾಕಿದ್ದರು. ಈ ಊರಿನವರು ಚೂರಾಕ್ಕೆ ಬಲೆ ಬೀಸುವುದಿಲ್ಲ. ಬೋಟಿನಿಂದ ಸಣ್ಣ ಜೀವಂತ ಮೀನು ಚೆಲ್ಲಿ ಚೂರಾವನ್ನು ಕರೆದು, ಗಳುವಿನ ಗಾಳದಿಂದ ಒಂದೊಂದಾಗಿ ಎತ್ತುತ್ತಾರೆ. ಅದನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿದರೆ ಕಟ್ಟಿಗೆಯಷ್ಟು ಗಟ್ಟಿಯಾದ 'ಮಾಸ್'. ತಿಂಗಳುಗಟ್ಟಲೆ ಕೆಡುವುದಿಲ್ಲ. ಮಾಮಾ ಲಿಂಗಾಯತರು, ಮೀನಿನ ವಾಸನೆಗೆ ಮೂಗಿಗೆ ಪಂಜೆಯ ಚುಂಗು ಹಿಡಿದಿದ್ದರು, ಆದರೆ ಕಾಲು ಕದಲಲಿಲ್ಲ. ಯಾಕೆಂದರೆ ಒಣಗಿಸುವುದು ಅವರ ಉಸಿರು. ದ್ರಾಕ್ಷಿಯನ್ನು ಡಿಪ್ಪಿಂಗ್ ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಯ ಮೇಲೆ ಹರವಿ, ಮೋಡ ಕವಿದರೆ ಎದೆ ಹಿಡಿದುಕೊಂಡು ಕೂರುವವರು. ಅಂಗಳದ ಮುದುಕರ ಮಾತೃಭಾಷೆ ಮಹಲ್, ಮಾಮಾನ ಮಾತೃಭಾಷೆ ನಮ್ಮದು. ನಡುವೆ ಇಬ್ಬರಿಗೂ ಬಾರದ ಹಿಂದಿ.

"ಬಾರಿಶ್ ಆಯಾ ತೊ?"

ಮುದುಕರು ಎರಡೂ ಕೈ ಮೇಲೆತ್ತಿ ಬಿಟ್ಟರಂತೆ. ಮಾಮಾನೂ ಎತ್ತಿ ಬಿಟ್ಟರಂತೆ. ಅಲ್ಲಿಂದ ಮುಂದೆ ಎಷ್ಟು ದಿನಕ್ಕೆ ಒಣಗುತ್ತದೆ, ಹತ್ತು ಕಿಲೋ ಹಸಿಗೆ ಒಣ ಎಷ್ಟು ಉಳಿಯುತ್ತದೆ, ವ್ಯಾಪಾರಿ ತೂಕದಲ್ಲಿ ಎಷ್ಟು ಹೊಡೆಯುತ್ತಾನೆ, ರೊಕ್ಕ ಎಷ್ಟು ದಿನ ತಡವಾಗುತ್ತದೆ ಎಂದು ಮಾತು ನಡೆಯಿತು. ಕೊನೆಯ ಪ್ರಶ್ನೆಗೆ ಇಬ್ಬರ ಉತ್ತರವೂ ಒಂದೇ ಬಂತೆಂದು ಮಾಮಾ ಈಗಲೂ ನಗುತ್ತಾರೆ. ದೀಪಸ್ತಂಭ ತಪ್ಪಿತು, ಲಾವಾ ಕುಣಿತ ತಪ್ಪಿತು, ಊಟ ತಪ್ಪಿತು, ಗ್ರೂಪ್ ಫೋಟೋ ತಪ್ಪಿತು. ಡೈರಿಯಲ್ಲಿ ಅವರ ಹೆಸರಿನ ಮುಂದೆ ಮಿನಿಕಾಯ್ ಪುಟ ಪೂರ್ತಿ ಖಾಲಿ. "ಒಂದು ಮನಿ ಅಂಗಳ ನೋಡಾಕ ಅಷ್ಟು ರೊಕ್ಕ ಕೊಟ್ಟು ಬಂದಿಯೇನ್ ಮಾರಾಯಾ?" ಎಂದು ಕಾಕಾ ಬೋಟಿನಲ್ಲೇ ಬೈದರು. ಮಾಮಾನನ್ನು ಸಂತನೆಂದು ತಿಳಿಯಬೇಡಿ. ಕಿಲೋಕ್ಕೆ ಏನು ರೇಟೆಂದು ಅವರು ಕೇಳಿದ್ದು ಮೊದಲ ಐದು ನಿಮಿಷದಲ್ಲೇ.

ಈ ಕಥೆಯಲ್ಲಿ ನಮ್ಮೂರಿನವರನ್ನೇ ಹಿಡಿದು ಜಾಡಿಸುವುದು ನ್ಯಾಯವಲ್ಲ. ಮಂಗಳೂರಿಗೆ ಹೋದರೆ ಇದೇ ನಾಟಕದಲ್ಲಿ ನಾವು ದ್ವೀಪದವರ ಪಾತ್ರದಲ್ಲಿದ್ದೇವೆ. ಕೋವಿಡ್ಡಿನಿಂದ ನಿಂತಿದ್ದ ಪ್ರವಾಸಿ ಹಡಗು ನವಮಂಗಳೂರು ಬಂದರಿಗೆ ಮತ್ತೆ ಬಂದದ್ದು 2022ರ ನವೆಂಬರ್ 28ರಂದು. ಎಂ.ಎಸ್. ಯುರೋಪಾ 2 ಎಂಬ ಆ ಹಡಗಿನಲ್ಲಿ ಪ್ರವಾಸಿಗರು 271, ಅವರನ್ನು ನೋಡಿಕೊಳ್ಳುವ ಸಿಬ್ಬಂದಿ 373. ಒಬ್ಬ ಪ್ರವಾಸಿಗೆ ಒಂದೂಕಾಲು ಆಳಿಗಿಂತ ಹೆಚ್ಚು. ಕಾಕಾ ಕೇಳಿದರೆ ವಸೂಲಿ ಎಂದರೆ ಇದು ಎಂದಾರು. ಇಂಥ ಹಡಗು ಬಂದರೆ ಪಣಂಬೂರಿನಲ್ಲಿ ಬೆಳ್ಳಂಬೆಳಗ್ಗೆ ಯಕ್ಷಗಾನದ ವೇಷ ಕಟ್ಟಿ ನಿಲ್ಲುತ್ತಾರೆ. ರಾತ್ರಿಯಿಡೀ ಕುಣಿಯಬೇಕಾದ ಕಲೆ ಬಸ್ಸು ಹತ್ತುವ ಮೊದಲಿನ ಮೂರು ನಿಮಿಷಕ್ಕೆ ಇಳಿದಿದೆ. ಆಮೇಲೆ 1432ರ ಕಾರ್ಕಳದ ಗೊಮ್ಮಟ, 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿಯ ಗೋಕರ್ಣನಾಥ, ಅಲೋಶಿಯಸ್ ಚರ್ಚಿನ ಚಿತ್ರಗಳು, ಗೇರುಬೀಜದ ಕಾರ್ಖಾನೆ, ಪೇಟೆ, ಒಂದು ಹಳೆಯ ಮನೆ. ಸಂಜೆಗೆ ಹಡಗು ಹೊರಡುತ್ತದೆ. ಇಟಲಿಯ ಮೊಸ್ಕೇನಿ ಆ ಚರ್ಚಿನ ಗೋಡೆ, ಚಾವಣಿಗಳಲ್ಲಿ ಚಿತ್ರ ಬಿಡಿಸಲು ವರ್ಷಗಳನ್ನೇ ಕಳೆದ. ಇಟಲಿಯ ಪ್ರವಾಸಿ ಅದಕ್ಕೆ ಹತ್ತು ನಿಮಿಷ ಕೊಡುತ್ತಾನೆ. ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವ ಹೆಂಗಸರು ತಲೆಯೆತ್ತಿ ನೋಡುವಷ್ಟರಲ್ಲಿ ಕ್ಯಾಮೆರಾ ಮುಂದಿನ ಸಾಲಿಗೆ ಹೋಗಿರುತ್ತದೆ. ಊರಿಗೆ ಹೋಗಿ ಅವನೂ ಹೇಳುತ್ತಾನೆ, ಇಂಡಿಯಾ ಆಯಿತು ಎಂದು.

ನಮ್ಮ ವಿಜಯಪುರಕ್ಕೆ ಹಡಗು ಬಾರದು, ಬಸ್ಸು ಬರುತ್ತವೆ. ಶಾಲೆಯ ಮಕ್ಕಳದ್ದು, ಪ್ಯಾಕೇಜಿನವರದ್ದು. ಗೋಳಗುಮ್ಮಟಕ್ಕೆ ಒಂದು ತಾಸು. ಮೇಲೆ ಹತ್ತಿ ಪಿಸುಗುಟ್ಟಿದರೆ ಆಚೆ ಬದಿಯ ಗೋಡೆಯಲ್ಲಿ ಕೇಳಿಸಬೇಕಾದ ಜಾಗದಲ್ಲಿ ಎಲ್ಲರೂ ಸೇರಿ ಕೂಗುತ್ತಾರೆ, ಹಾಗಾಗಿ ಯಾರ ಪಿಸುಮಾತೂ ಯಾರಿಗೂ ಕೇಳಿಸುವುದಿಲ್ಲ. ಮುಲ್ಕ್-ಎ-ಮೈದಾನ್ ತೋಪಿನ ಜೊತೆ ಒಂದು ಫೋಟೋ. ಬಾರಾ ಕಮಾನು ಬಸ್ಸಿನ ಕಿಟಕಿಯಿಂದ. ಇಬ್ರಾಹಿಂ ರೋಜಾ ಟೈಮ್ ಉಳಿದರೆ. ಟೈಮ್ ಉಳಿಯುವುದಿಲ್ಲ, ಸಂಜೆ ಆಲಮಟ್ಟಿಯ ಕಾರಂಜಿ ಕಾದಿರುತ್ತದೆ. "ಈ ಮಂದಿ ಏನ್ ನೋಡ್ತಾರೋ, ಏನ್ ಬಿಡ್ತಾರೋ" ಎಂದು ಕಾಕಾ ಎಷ್ಟೋ ಸಲ ಬೈದದ್ದುಂಟು. ಅಂದಹಾಗೆ, ಇಬ್ರಾಹಿಂ ರೋಜಾದ ಒಳಗೆ ಅವರೂ ಹೋಗಿಲ್ಲ. ಕೇಳಿದರೆ, "ಅದೆಲ್ಲಿಗಿ ಹೊಕ್ಕೈತಿ, ಇಲ್ಲೇ ಐತಲ್ಲ."

ಪರದೇಶದವರು ನಮಗಿಂತ ಮುಂದೆ. ದ್ವೀಪದಲ್ಲಿ ದ್ವೀಪದವರು ಇರುವುದೇ ತೊಂದರೆ ಎಂದು ಅವರು ಕಂಡುಕೊಂಡಿದ್ದಾರೆ. 1977ರಲ್ಲಿ ನಾರ್ವೇಜಿಯನ್ ಎಂಬ ಹಡಗು ಕಂಪನಿ ಬಹಾಮಾಸಿನಲ್ಲಿ ಒಂದು ದ್ವೀಪವನ್ನೇ ಕೊಂಡು ತನ್ನ ಪ್ರವಾಸಿಗರ ಹಗಲುಹೊತ್ತಿನ ನಿಲುಗಡೆ ಮಾಡಿಕೊಂಡಿತು. ಆಮೇಲೆ ಉಳಿದವರೂ ಅದೇ ದಾರಿ ಹಿಡಿದರು. ಹೈಟಿಯ ಲಬಾಡಿ ಕಡಲತೀರ ರಾಯಲ್ ಕೆರಿಬಿಯನ್ ಕಂಪನಿಯ ಗುತ್ತಿಗೆಯಲ್ಲಿದೆ, ಸುತ್ತ ಬೇಲಿ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾಗಿ ರಾಜಧಾನಿ ನೆಲಸಮವಾಯಿತು. ಮೂರೇ ದಿನಕ್ಕೆ ಬೇಲಿಯೊಳಗಿನ ತೀರಕ್ಕೆ ಕಂಪನಿಯ ಹಡಗು ಬಂತು. ಪರಿಹಾರ ಸಾಮಗ್ರಿಯನ್ನೂ ತಂದಿತ್ತು ಎನ್ನುವುದನ್ನು ಮರೆಯಬಾರದು. ಪ್ರವಾಸಿಗರು ಈಜಿದರು, ಉಂಡರು, ಹೊತ್ತಿಗೆ ಸರಿಯಾಗಿ ಹಡಗು ಹತ್ತಿದರು. ಕೆಲವರಿಗೆ ಮಾತ್ರ ಅಂದು ಇಳಿಯಲು ಮನಸ್ಸಾಗಲಿಲ್ಲವಂತೆ. ಅವರ ತಾಸು ದಂಡವಾಯಿತು.

ಆ ದೇಶಗಳ ಬಂದರುಗಳಲ್ಲಿ ಇನ್ನೊಂದು ತಮಾಷೆ ನಡೆಯುತ್ತದೆ. ಕೊನೆಯ ನಿಮಿಷದವರೆಗೆ ವಸೂಲಿ ಮಾಡಲು ಹೋದವರು ಚೀಲ ಹೊತ್ತು ಕಟ್ಟೆಯ ಮೇಲೆ ಓಡೋಡಿ ಬರುತ್ತಾರೆ, ಮೇಲಿನ ಅಂತಸ್ತಿನಲ್ಲಿ ಬಿಯರ್ ಹಿಡಿದು ನಿಂತವರು ಚಪ್ಪಾಳೆ ತಟ್ಟುತ್ತಾರೆ, ಹಡಗು ಕೆಲವೊಮ್ಮೆ ಬಿಟ್ಟೇ ಹೋಗುತ್ತದೆ. ನಮ್ಮ ಕೆಂಪು ಬಸ್ಸಿನ ಕಂಡಕ್ಟರು ಇಷ್ಟು ಕ್ರೂರಿಯಲ್ಲ. "ಹೋಲ್ಡಾನ್, ಅಜ್ಜಿ ಬರ್ಲಾಕತ್ಯಾಳ" ಎಂದು ಬಬಲೇಶ್ವರದಲ್ಲಿ ಬಸ್ಸು ನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ.

ತಂಡ ಊರಿಗೆ ಬಂದ ಮರುದಿನ ಚಹಾದಂಗಡಿಯಲ್ಲಿ ಸಭೆ. ಕೇಳಿದವರ ಪ್ರಶ್ನೆಗಳೂ ಯೋಗ್ಯತೆಗೆ ತಕ್ಕಂತೆಯೇ ಇದ್ದವು. ಎಷ್ಟು ಖರ್ಚಾತು? ವಾಂತಿ ಎಷ್ಟು ಮಂದಿಗೆ ಆತು? ಅಲ್ಲಿ ಎಕರೆಗೆ ಏನು ರೇಟು? ಕೊನೆಯದಕ್ಕೆ ಮಾಸ್ತರರು, ಮೂವತ್ತಾರು ದ್ವೀಪ ಕೂಡಿಸಿದರೂ ಒಟ್ಟು ನೆಲ 32 ಚದರ ಕಿಲೋಮೀಟರ್, ಮಂದಿ ಇರುವುದು ಹತ್ತರಲ್ಲಿ, ಹೊರಗಿನವರಿಗೆ ಅಲ್ಲಿ ಹೊಲ ಸಿಗುವುದಿಲ್ಲ ಎಂದು ವಿವರಿಸಿದರು. ಸಭೆಗೆ ಲಕ್ಷದ್ವೀಪದ ಮೇಲಿನ ಆಸಕ್ತಿ ಅಲ್ಲಿಗೆ ಮುಗಿಯಿತು. ಹವಳದ ಚೂರು ತಂದಿರೇನು ಎಂದು ಒಬ್ಬ ಹುಡುಗ ಕೇಳಿದ. ಹವಳ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಮುಟ್ಟಿದರೆ ಕೇಸು ಎಂದು ಹಡಗಿನಲ್ಲೇ ಎಚ್ಚರಿಸಿದ್ದರಂತೆ. ಚಿಗವ್ವ ಮಾತ್ರ ಒಂದು ಬಾಟಲಿ ಸಮುದ್ರದ ನೀರು ತಂದು ದೇವರ ಜಗಲಿಯ ಮೇಲಿಟ್ಟಿದ್ದಾರೆ. ಅದಕ್ಕೆ ಕಾಯ್ದೆಯಿಲ್ಲ.

ಮುಂದಿನ ವರ್ಷದ ತಯಾರಿ ಶುರುವಾಗಿದೆ. ಸಿಂಗಾಪುರದಿಂದ ಹೊರಡುವ ಹಡಗುಗಳು ಕೆಲವೇ ದಿನಗಳಲ್ಲಿ ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಮುಟ್ಟಿಸಿ ವಾಪಸ್ ತಂದುಬಿಡುತ್ತವೆ ಎಂದು ಅಳಿಯ ಮೊಬೈಲಿನಲ್ಲಿ ತೋರಿಸಿದ. ಕಾಕಾನ ಕಣ್ಣು ಅರಳಿತು.

"ಅಂದ್ರ ಮೂರು ದೇಶ ಆದ್ವಲ್ಲ!"

"ಹೌದ್ರಿ ಮಾಮಾರ. ಎರಡು ದ್ವೀಪಾನೂ ಬರ್ತಾವ."

ಮಾಸ್ತರರು ಹೊಸ ಡೈರಿ ತಂದಿದ್ದಾರೆ. ಚೌಕಗಳನ್ನು ಈ ಸಲ ಮುಂಚೆಯೇ ಹಾಕಿಟ್ಟಿದ್ದಾರೆ. ಹೆಸರು ಬರೆಯುವಾಗ ಮಣೂಕದ ಶೆಡ್ಡಿನ ಮಾಮಾ ತಾವು ಬರುವುದಿಲ್ಲವೆಂದರು. ಮಿನಿಕಾಯ್‌ಗೇ ಇನ್ನೊಮ್ಮೆ ಹೋಗಬೇಕೆಂದಿದ್ದಾರೆ. ಆ ಮುದುಕರಿಗೆ ಎರಡು ಕಿಲೋ ಮಣೂಕ ಕೊಡುತ್ತೇನೆಂದು ಮಾತು ಕೊಟ್ಟು ಬಂದಿದ್ದಾರಂತೆ.

"ನೋಡಿದ್ದ ಊರಿಗಿ ಮತ್ತ ರೊಕ್ಕ ಕೊಟ್ಟು ಹೋಗ್ತೀಯಾ?" ಕಾಕಾ ಕೇಳಿದರು.

"ನೋಡ್ಲಿಲ್ಲಲ್ಲೋ ಮಾರಾಯಾ, ದೀಪದ ಕಂಬ ಹತ್ತಾಕ ನಂಗ ಎಲ್ಲಿ ಟೈಮ್ ಸಿಕ್ತು?"

ಮಾಸ್ತರರು ಅವರ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, ಅಂಗಡಿಯ ಕಡೆಗೆ ಮುಖ ತಿರುಗಿಸಿ ಕೂಗಿದರು: "ಒಂದು ಸೀಟ್ ಖಾಲಿ ಐತ್ರೆಪಾ, ಪಾಸ್‌ಪೋರ್ಟ್ ಇದ್ದವ್ರು ಲಗೂನ ಹೇಳ್ರಿ!"